ನಾಲ್ಕು ಬಾಯಿ, ಒಂದು ಬಾಗಿಲು

ನಾನು ಬಡಿಗ. ಹೆಸರು ಮೌನೇಶ. ಹೆಸರಿಗೂ ನನಗೂ ಏನೇನೂ ಸಂಬಂಧವಿಲ್ಲ ಎಂದು ನನ್ನ ಹೆಂಡತಿ ಕಮಲಾಕ್ಷಿ ಮದುವೆಯಾದ ಮೂರನೇ ದಿನವೇ ಹೇಳಿಬಿಟ್ಟಳು. ನಾನೇನು ಮಾಡಲಿ? ನಮ್ಮ ಊರಿನಲ್ಲಿ ಬಡಿಗನಿಗೆ ಮರದ ಕೆಲಸ ಅರ್ಧ, ಬಾಯಿಯ ಕೆಲಸ ಅರ್ಧ. ನಮ್ಮ ಬಾಗಿಲುಗಳೇ ಅಂಥವು. ನಡೆದುಹೋದ ಸಂಗತಿಯೊಂದನ್ನು ಒಂದೇ ಸೂರಿನ ಕೆಳಗೆ ಕೂತು ಇಬ್ಬರು ಎರಡು ಥರ ಹೇಳಿದರೆ ಆ ಸೂರಿನ ಬಾಗಿಲು ಹಾಕಿಕೊಳ್ಳುವುದಿಲ್ಲ. ಎಳೆಯಿರಿ, ಒದೆಯಿರಿ, ಬಿಜಾಗರಿಗೆ ಎಣ್ಣೆ ಬಿಡಿ, ಒಂದು ಗೇಣು ತೆರೆದುಕೊಂಡೇ ನಿಂತುಬಿಡುತ್ತದೆ. ಸಾರಿಗೆ ಉಪ್ಪು ಸಾಕೋ ಬೇಕೋ ಎಂಬ ಜಗಳವನ್ನು ಬಾಗಿಲು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ನಾಲಿಗೆಯ ವಿಷಯ. ಆದರೆ ನಿನ್ನೆ ಉಪ್ಪು ಹಾಕಿದ್ದು ಅತ್ತೆಯೋ ಸೊಸೆಯೋ ಎಂಬಲ್ಲಿ ಎರಡು ಮಾತು ಬಂದವೋ, ಆ ಮನೆಯವರು ನನಗೆ ಹೇಳಿಕಳಿಸಬೇಕಾಗುತ್ತದೆ.

ತೆರೆದ ಬಾಗಿಲಿನಲ್ಲಿ ನಾಯಿ ನುಗ್ಗುತ್ತದೆ, ಅದು ಸಣ್ಣ ಚಿಂತೆ. ಬೀದಿಯವರ ಕಣ್ಣಿಗೆ ಬೀಳುತ್ತದೆ, ಅದು ದೊಡ್ಡ ಚಿಂತೆ. ಹಾದುಹೋಗುವವರು ನಿಂತು, "ಏನ್ರಿ, ಬಾಗಲಾ ತಗದೈತಲ್ಲ?" ಎಂದು ಕೇಳಿದರೆ ಮನೆತನದ ಮಾನ ಹೋದ ಹಾಗೆ. ಹಾಗಾಗಿ ಹೊತ್ತು ಮುಳುಗುವುದರೊಳಗೆ ಯಾರಾದರೂ ಒಬ್ಬರು "ಆತು, ನೀ ಹೇಳಿದ್ದ ಖರೆ" ಎಂದುಬಿಡುತ್ತಾರೆ. ಮನಸ್ಸಿನಿಂದ ಅನ್ನಬೇಕಾಗಿಲ್ಲ, ಬಾಗಿಲಿಗೆ ಬಾಯಿಮಾತು ಸಾಕು. ಹಾಗೂ ಆಗದಿದ್ದರೆ ನಾನು ಹೋಗುತ್ತೇನೆ. ಇವರದನ್ನು ಕೇಳಿ, ಅವರದನ್ನು ಕೇಳಿ, ಇಲ್ಲಿಷ್ಟು ಹೆರೆದು ಅಲ್ಲಿಷ್ಟು ಹೆರೆದು ಎರಡನ್ನೂ ಒಂದು ಮಾಡಿ ಕೊಡುತ್ತೇನೆ. ಗಾಣಿಗರ ಮನೆಯಲ್ಲಿ ಮದುವೆಯ ದಿನ ಕೆರೆಗೆ ಬಿದ್ದದ್ದು ಗಂಡಿನ ಸೋದರಮಾವ ಎಂದು ಹೆಂಡತಿ, ಡೋಲು ಎಂದು ಗಂಡ, ಮೂರು ದಿನ ಹಟ ಹಿಡಿದು ಕೂತಿದ್ದರು. ಡೋಲು ಹಿಡಿಯಲು ಹೋಗಿ ಸೋದರಮಾವ ಬಿದ್ದ ಎಂದು ನಾನು ಜೋಡಿಸಿಕೊಟ್ಟೆ. ಬಾಗಿಲು ಟಪ್ಪೆಂದು ಹಾಕಿಕೊಂಡಿತು. ಆ ಸೋದರಮಾವ ಬದುಕಿದ್ದಾನೆ, ತಾನು ಆ ಮದುವೆಗೆ ಹೋಗಿಯೇ ಇರಲಿಲ್ಲ ಎನ್ನುತ್ತಾನೆ. ಆದರೆ ಅವನ ಮನೆ ಬೇರೆ, ಅವನ ಬಾಗಿಲು ಬೇರೆ.

ಊರಿನ ಬಾಗಿಲನ್ನೆಲ್ಲ ಮುಚ್ಚಿಸುವ ನನ್ನ ಕೈಯಲ್ಲಿ ಆಗದ ಕೆಲಸ ಒಂದಿತ್ತು. ಹೇಳಿಬಿಡುತ್ತೇನೆ. ನನಗೊಬ್ಬಳು ಅಕ್ಕ ಇದ್ದಾಳೆ, ಕಾಳವ್ವ. ನಾನು ಎರಡು ವರ್ಷದವನಿದ್ದಾಗ ಅವ್ವ ಹೋದಳು. ಆಗ ಅಕ್ಕನಿಗೆ ಹತ್ತು. ನನಗೆ ತುತ್ತು ಮಾಡಿ ತಿನ್ನಿಸಿದವಳು ಅವಳೇ. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಹತ್ತಿರ ಇದ್ದವರು ನಾವಿಬ್ಬರೇ. ಆ ದಿನ ಅಪ್ಪ ಅನ್ನ ನೀರು ಏನೂ ಮುಟ್ಟಲಿಲ್ಲ. ತನ್ನ ಉಳಿ ಕೇಳಿದ, ನಾನು ಕೈಗೆ ಕೊಟ್ಟೆ, ಹೆಬ್ಬೆರಳಿನಿಂದ ಅಲಗು ಸವರಿ, "ಅಲಗು ಕಾಯ್ಕೋ" ಎಂದ, ಹಿಡಿದುಕೊಂಡೇ ಹೋದ. ಇದು ನಾನು ಕಣ್ಣಾರೆ ಕಂಡದ್ದು. ಅಕ್ಕ ಹೇಳುವುದೇ ಬೇರೆ. ಉಳಿಯೂ ಇಲ್ಲ ಗಿಳಿಯೂ ಇಲ್ಲ, ತನ್ನ ಕೈಯಿಂದ ಎರಡು ಚಮಚ ಗಂಜಿ ಕುಡಿದ ಎನ್ನುತ್ತಿದ್ದಳು. ಅಷ್ಟಕ್ಕೇ ನಾನು ನಡುವೆ ಬಾಯಿ ಹಾಕುತ್ತಿದ್ದೆ. ಮೂರನೆಯ ದಿನ ಮನೆ ತುಂಬ ನೆಂಟರು, ಬಾಗಿಲು ಗೇಣು ತೆರೆದು ನಿಂತಿದೆ, ಹಿರಿಯರಿಗೆ ನಾಚಿಕೆ. ಮಗ ಹೇಳಿದ್ದೇ ನಿಲ್ಲಲಿ ಎಂದು ತೀರ್ಮಾನಿಸಿದರು. ಅಕ್ಕ ಒಪ್ಪಲಿಲ್ಲ. ಸೀರೆಯ ಗಂಟು ಕಟ್ಟಿಕೊಂಡು ಎದ್ದು ನಿಂತಳು.

"ನಿನ್ನ ಅಪ್ಪ ನಿನ್ನ ಮನ್ಯಾಗ ಇರ್ಲಿ ತಮ್ಮಾ," ಎಂದಳು. "ನನ್ನ ಅಪ್ಪನ್ನ ನಾ ಕರಕೊಂಡು ಹೋಗ್ತೀನಿ."

ಅವಳು ಹೊಸ್ತಿಲು ದಾಟಿದ ಕೂಡಲೇ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಮ್ಮ ಊರಿನ ಕಾನೂನೇ ಹಾಗೆ, ಒಬ್ಬರು ಸೋಲಬೇಕು, ಇಲ್ಲವೇ ಒಬ್ಬರು ಹೊರಡಬೇಕು. ಅವಳ ಮನೆ ಇರುವುದು ನಾಲ್ಕು ಓಣಿ ಆಚೆಗೆ. ನಾವು ಮಾತು ಬಿಟ್ಟವರಲ್ಲ. ಸಂತೆಯಲ್ಲಿ ಸಿಕ್ಕರೆ ಬದನೆಕಾಯಿ ಹುಳುಕೋ ಒಳ್ಳೆಯದೋ ಎಂದು ಇಬ್ಬರೂ ಕೂಡಿಯೇ ನೋಡುತ್ತೇವೆ. ಆದರೆ ಒಂದು ಸೂರಿನ ಕೆಳಗೆ ಕಾಲಿಡುವುದಿಲ್ಲ. ಅವಳ ಮಗಳ ಮದುವೆಯಲ್ಲಿ ನಾನು ಹಂದರದ ಕೆಳಗೇ ಉಂಡು ಎದ್ದುಬಂದೆ. ಹಂದರಕ್ಕೆ ಬಾಗಿಲು ಇರುವುದಿಲ್ಲ ನೋಡಿ.

ಹೀಗಿರುವಾಗ ಹೊಳೆಯ ದಂಡೆಯ ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆಂದು ಹದಿನೆಂಟು ಮನೆ ಕ್ರೈಸ್ತರು ಬಂದರು. ಬಂದವರು ಮೊದಲು ಒಂದು ಪ್ರಾರ್ಥನಾ ಮಂದಿರ ಕಟ್ಟಿಕೊಂಡರು. ಬಾಗಿಲು ನನ್ನದು, ಸಾಗವಾನಿಯದು, ಜೋಡಿ ಕದದ್ದು. ಆ ಬಾಗಿಲನ್ನು ಎಷ್ಟು ಹೊಗಳಿದರೂ ಕಡಿಮೆ, ಹಾಗಾಗಿ ನಾನೇ ಊರೆಲ್ಲ ಹೊಗಳಿಕೊಂಡು ಬಂದೆ. ಮೊದಲ ಭಾನುವಾರ ಬೆಣ್ಣೆಯ ಹಾಗೆ ಹಾಕಿಕೊಂಡಿತು. ಎರಡನೆಯ ಭಾನುವಾರ ಒಂದು ಗೇಣಿಗೆ ನಿಂತಿತು. ಸೋಮವಾರ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಎರಡು ಪಕ್ಷವಾಗಿತ್ತು: ಆ ಜನ ಒಳಗೊಳಗೇ ಬಡಿದಾಡುತ್ತಾರೆ ಎನ್ನುವವರು ಕೆಲವರು, ಮೌನೇಶನ ಚೌಕಟ್ಟು ಜೋತುಬಿದ್ದಿದೆ ಎನ್ನುವವರು ಕೆಲವರು. ಚೌಕಟ್ಟಿನ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಚೌಕಟ್ಟು ಅಳೆಯುವ ಮೂಲೆಮಟ್ಟ ತೆಗೆದುಕೊಂಡು ನೇರ ಅಲ್ಲಿಗೇ ನಡೆದೆ.

ಚೌಕಟ್ಟು ಸರಿಯಾಗಿಯೇ ಇತ್ತು. ಒಳಗೆ ಒಂದು ಮೇಕೆ ಹೂದಾನಿಯ ಹೂವನ್ನು ಸಾವಕಾಶವಾಗಿ ತಿನ್ನುತ್ತಿತ್ತು. ಅದನ್ನು ಓಡಿಸುವ ಆತುರವೇ ಇಲ್ಲದೆ ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ಅವಳು ಕರುಣಮ್ಮ. ಕಾರ್ಖಾನೆಯಲ್ಲಿ ಹಸಿ ಹೆಂಚು ಒಣಗಲು ಹರಡುವ ಕೆಲಸ, ಇಲ್ಲಿ ಬೀಗದ ಕೈ ಇಟ್ಟುಕೊಳ್ಳುವ ಕೆಲಸ. ಯಾರು ಯಾರ ಜೊತೆ ಜಗಳ ಆಡಿದ್ದು ಎಂದು ಕೇಳಿದೆ. ಯಾರೂ ಆಡಿಲ್ಲ, ಓದಿದ್ದು ಅಷ್ಟೇ ಎಂದಳು. ಮೊದಲ ವಾರ ಓದಿದಾಗ ಊರ ಬಾಗಿಲಿನಲ್ಲಿ ಕಣ್ಣು ಬಂದದ್ದು ಒಬ್ಬ ಕುರುಡನಿಗೆ. ಎರಡನೆಯ ವಾರ ಪುಸ್ತಕದ ಇನ್ನೊಂದು ಕಡೆಯಿಂದ ಅದೇ ಸಂಗತಿ ಓದಿದರು, ಅಲ್ಲಿ ಕುರುಡರು ಇಬ್ಬರು. ಅಲ್ಲಿಗೆ ನನಗೆ ಅರ್ಥವಾಯಿತು. ಕೆಟ್ಟಿದ್ದು ನನ್ನ ಬಾಗಿಲಲ್ಲ, ಇವರ ಪುಸ್ತಕ.

ಅವಳು ನನಗೆ ಪುಸ್ತಕ ಬಿಡಿಸಿ ತೋರಿಸಿದಳು. ನಾನು ಹಲವು ಗುಡಿ, ಮಠ, ಮಸೀದಿಗೆ ಬಾಗಿಲು ಮಾಡಿಕೊಟ್ಟವನು. ಕೆಲವರ ಗ್ರಂಥದಲ್ಲಿ ಮೇಲಿನವನೇ ನೇರವಾಗಿ ಮಾತನಾಡುತ್ತಾನೆ, ಕೆಲವರದು ಮಂತ್ರ, ಕೆಲವರದು ಗುರುವಿನ ಉಪದೇಶ. ಎಲ್ಲ ಬಾಗಿಲೂ ಸುಖವಾಗಿ ಮುಚ್ಚುತ್ತವೆ. ಇವರದು ಒಂದು ಪುಸ್ತಕವೇ ಅಲ್ಲ, ಒಂದು ಕಪಾಟು. ರಾಜರ ಕಥೆ, ಹಾಡು, ಗಾದೆ, ಊರೂರಿಗೆ ಬರೆದ ಕಾಗದ ಎಲ್ಲವನ್ನೂ ಒಂದೇ ರಟ್ಟಿನೊಳಗೆ ಹೊಲಿದಿದ್ದಾರೆ. ಒಂದು ಕಾಗದದಲ್ಲಂತೂ ಬರೆದವನು ಯಾರದೋ ಮನೆಯಲ್ಲಿ ತನ್ನ ಹೊದಿಕೆ ಬಿಟ್ಟುಬಂದಿದ್ದಾನೆ, ನೀನು ಬರುವಾಗ ತೆಗೆದುಕೊಂಡು ಬಾ ಎನ್ನುತ್ತಾನೆ! ಕೊನೆಗೆ ಹೊದಿಕೆ ಸಿಕ್ಕಿತೇ ಎಂದು ಕೇಳಿದೆ. ಅದನ್ನು ಬರೆದಿಲ್ಲ ಎಂದಳು. ಅವನು ಚಳಿಗಾಲ ಹೇಗೆ ಕಳೆದನೋ ಎಂದು ನನಗೆ ಮೂರು ದಿನ ಅದೇ ಚಿಂತೆ. ಇನ್ನು ನಡುವಿನ ಮುಖ್ಯ ಕಥೆ, ಅವರ ಸ್ವಾಮಿಯದು, ಹುಟ್ಟಿದ್ದು, ನಡೆದದ್ದು, ಸತ್ತದ್ದು, ಎದ್ದದ್ದು. ಅದನ್ನು ಒಬ್ಬರಲ್ಲ ಇಬ್ಬರಲ್ಲ, ನಾಲ್ಕು ಮಂದಿ ನಾಲ್ಕು ಸಲ ಬರೆದಿದ್ದಾರೆ, ಒಂದರ ಪಕ್ಕ ಒಂದು ಇಟ್ಟಿದ್ದಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಬಿಟ್ಟಿದ್ದಾನೆ, ಒಬ್ಬನಿಗೆ ಮೊದಲಿನದು ಇನ್ನೊಬ್ಬನಿಗೆ ಕೊನೆಗೆ. ನಮ್ಮ ಊರಿನಲ್ಲಿ ಇಂಥ ಪುಸ್ತಕ ಇಟ್ಟುಕೊಂಡರೆ ಬಾಗಿಲು ಯಾಕಾದರೂ ಮುಚ್ಚೀತು?

ಇವರ ಪ್ರಾರ್ಥನೆ ನಡೆಸುವ ಸಭಾಪಾಲಕರು ದಾನಿಯೇಲಪ್ಪ ಅಯ್ಯನವರು, ತೆಳ್ಳಗಿನ ಮನುಷ್ಯ, ನಗು ಮಾತ್ರ ದಪ್ಪ. ಅವರ ಮುಂದೆ ನಿಂತು, ನಾಲ್ಕನ್ನೂ ಒಂದು ಮಾಡಿಕೊಡುತ್ತೇನೆ, ಇದು ನನ್ನ ದಿನದ ಕಸುಬು ಎಂದೆ. ಅವರು ಬಹಳ ಹೊತ್ತು ನಕ್ಕರು. ಪುಸ್ತಕಕ್ಕೆ ಕೈ ಹಚ್ಚಬೇಡಿ, ಬೇಕಾದರೆ ಬೇರೆ ನೋಟುಬುಕ್ಕಿನಲ್ಲಿ ಬರೆಯಿರಿ, ಒಂದು ಬುಧವಾರ ಓದಿ ನೋಡೋಣ ಎಂದರು. ಅವರ ನಗುವಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ನನ್ನ ಬಾಗಿಲಿನ ಮಾನ ಉಳಿಯಬೇಕಾಗಿತ್ತು, ಅಷ್ಟೇ.

ದಿನಾ ಮಧ್ಯಾಹ್ನ ಕರುಣಮ್ಮ ಓದುವುದು, ನಾನು ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ ತೆಗೆದು ಬರೆಯುವುದು. ಹುಟ್ಟಿನ ಕಥೆ ಸಲೀಸಾಗಿ ಕೂಡಿತು. ಒಬ್ಬನಲ್ಲಿ ಕುರಿ ಕಾಯುವವರು ನೋಡಲು ಬರುತ್ತಾರೆ, ಇನ್ನೊಬ್ಬನಲ್ಲಿ ನಕ್ಷತ್ರ ನೋಡಿಕೊಂಡು ದೂರದ ಪಂಡಿತರು ಬರುತ್ತಾರೆ. ಕುರಿಯವರನ್ನು ಮೊದಲು ಕಳಿಸಿ ಪಂಡಿತರನ್ನು ಆಮೇಲೆ ಕರೆಸಿದೆ. ಕುರುಡರು ಇಬ್ಬರು, ಅದರಲ್ಲಿ ಒಬ್ಬ ಹೆಚ್ಚು ಮಾತುಗಾರ ಎಂದು ಬರೆದೆ. ಇವರ ಸ್ವಾಮಿಯೂ ಬಡಿಗರ ಮನೆಯವನು ಎಂದು ಕರುಣಮ್ಮ ಹೇಳಿದಾಗ ನನಗೆ ಕೆಲಸದ ಮೇಲೆ ಇನ್ನಷ್ಟು ಮನಸ್ಸು ಬಂತು. ನಮ್ಮವನೇ ಅಂದಮೇಲೆ ಕೈಬಿಡಲು ಆಗುತ್ತದೆಯೇ?

ತೊಡಕು ಬಂದದ್ದು ಸಾವಿನಲ್ಲಿ. ಕೊನೆಯ ಮಾತು ಏನು ಎಂಬಲ್ಲಿ ಒಂದಕ್ಕೊಂದು ಕೂಡುವುದಿಲ್ಲ. ಇಬ್ಬರ ಬರಹದಲ್ಲಿ ಅವನು, ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೂಗುತ್ತಾನೆ. ಒಬ್ಬನ ಬರಹದಲ್ಲಿ, ತಂದೆಯೇ ನನ್ನ ಜೀವ ನಿನ್ನ ಕೈಯಲ್ಲಿದೆ ಎನ್ನುತ್ತಾನೆ. ಇನ್ನೊಬ್ಬನಲ್ಲಿ, ಮುಗಿಯಿತು ಎಂದು ತಲೆ ಬಾಗಿಸುತ್ತಾನೆ. ನಾನು ಪೆನ್ಸಿಲ್ ಕೆಳಗಿಟ್ಟೆ. ಸಾಯುವವನ ಕೊನೆಯ ಮಾತಿನ ಸಹವಾಸ ನನಗೆ ಬೇಕಿರಲಿಲ್ಲ. ಆದರೂ ಒಪ್ಪಿಕೊಂಡ ಕೆಲಸ. ಕದ ಕೂರಿಸಿ ಕೊನೆಯ ಮೊಳೆ ಹೊಡೆದಾಗ ನಾನೂ ಅದೇ ಮಾತು ಅನ್ನುವವನು, ಹಾಗಾಗಿ "ಮುಗಿಯಿತು" ಎಂಬುದನ್ನು ಇಟ್ಟುಕೊಂಡೆ. ಉಳಿದವನ್ನು ಬಿಟ್ಟೆ. ಕರುಣಮ್ಮ ಪುಸ್ತಕ ಮುಚ್ಚಿ ಕಸಬರಿಗೆ ಎತ್ತಿಕೊಂಡಳು.

ಬುಧವಾರ ಸಂಜೆ ಜನ ಸೇರಿದರು. ದೊಡ್ಡ ಪುಸ್ತಕವನ್ನು ಅಯ್ಯನವರು ಬಟ್ಟೆಯಲ್ಲಿ ಸುತ್ತಿ ಹೊರಗೆ ಜಗಲಿಯ ಮೇಲೆ ಇಟ್ಟರು. ನನ್ನ ನೋಟುಬುಕ್ಕನ್ನು ನಾನೇ ಓದಿದೆ. ಕೊನೆಯ ಹಾಳೆಗೆ ಬರುವಾಗ ಎರಡೂ ಕದ ಮೆಲ್ಲಗೆ ತಿರುಗಿ ಕೂಡಿಕೊಂಡವು. ಒಂದು ಕೂದಲೆಳೆ ಸಂದಿಲ್ಲ! ನಾನು ಸುತ್ತ ನೋಡಿದೆ. ಯಾರಾದರೂ ಚಪ್ಪಾಳೆ ಹೊಡೆಯುತ್ತಾರೇನೋ ಎಂದುಕೊಂಡಿದ್ದೆ. ಯಾರೂ ಕೈ ಎತ್ತಲಿಲ್ಲ. ಏನೋ ಕಳೆದುಕೊಂಡವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕರುಣಮ್ಮ ಎದ್ದಳು.

"ಮೌನೇಶಪ್ಪಾರ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು. "ನನ್ನ ಗಂಡ ಜ್ವರದಾಗ ಹೋದ ದಿವಸ ನನಗ ಯಾವ ದೊಡ್ಡ ಮಾತೂ ತಲಿಗೆ ಹತ್ತಲಿಲ್ಲ. ಯಾಕ ಕೈಬಿಟ್ಟಿ ಅಂತ ಸ್ವಾಮಿ ಸೈತ ಕೇಳ್ಯಾನಲ್ಲ, ಅದೊಂದು ಮಾತು ಹಿಡಕೊಂಡು ಎದ್ದು ನಿಂತೆ. ನೀವು ಅದನ್ನ ತಗದೀರಿ."

ಭಟ್ಟಿಯ ಕೆಲಸದ ಮುದುಕನೊಬ್ಬ, ನನಗೆ ಜೀವ ನಿನ್ನ ಕೈಯಲ್ಲಿ ಎಂಬ ಮಾತು ಬೇಕಾಗಿತ್ತು, ಇನ್ನೆಷ್ಟು ದಿನವೋ ನನ್ನದು ಎಂದ. ಅಯ್ಯನವರು ಬಾಗಿಲು ತೆರೆದು ಜಗಲಿಯ ಮೇಲಿನ ಪುಸ್ತಕವನ್ನು ಒಳಗೆ ತಂದರು. ನನಗಿಂತ ಬಹಳ ಹಿಂದೆಯೇ, ಬಹಳ ದೂರದ ದೇಶದಲ್ಲಿ ಒಬ್ಬ ಹೀಗೇ ನಾಲ್ಕನ್ನೂ ಕೂಡಿಸಿ ಒಂದು ಮಾಡಿದ್ದನಂತೆ. ಅಚ್ಚುಕಟ್ಟಾಗಿಯೇ ಇತ್ತಂತೆ. ಕೆಲವು ಕಾಲ ಜನ ಓದಿದರಂತೆ. ಕೊನೆಗೆ ಹಿರಿಯರು ಅದನ್ನು ಬದಿಗಿಟ್ಟು ನಾಲ್ಕನ್ನೇ ತಿರುಗಿ ತಂದರಂತೆ. ಹಾಗಾದರೆ ನಾಲ್ಕೂ ಕೂಡುವುದಿಲ್ಲ ಎಂಬುದು ಆ ಹಿರಿಯರಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ನಿಮಗ ಹದಿನೈದು ದಿನದಾಗ ತಿಳಿದದ್ದು ಅವರಿಗೆ ತಿಳೀದ ಇರತೈತೇನ್ರಿ?" ಎಂದರು ಅಯ್ಯನವರು. "ನಾಲ್ಕೂ ಮಂದಿ ಅವನ ಮ್ಯಾಲೆ ಜೀವ ಇಟ್ಟವರು. ಅದರಾಗ ಯಾರನ್ನ ಹೊರಗ ಹಾಕಬೇಕಿತ್ತು, ನೀವ ಹೇಳ್ರಿ."

ನಾನು ನೋಟುಬುಕ್ಕು ಮಡಿಸಿ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡೆ. ಅವರು ಪುಸ್ತಕ ಬಿಡಿಸಿ ಓದತೊಡಗಿದರು, ಕದಗಳು ತಿರುಗಿ ಒಂದು ಗೇಣಿಗೆ ನಿಂತವು. ಎಲ್ಲರ ಮುಖ ಅರಳಿತು. ಹೊರಗೆ ನಿಂತಿದ್ದ ಕಡಲೆಕಾಯಿ ಮಾರುವವನು ಯಾವಾಗಲೂ ಕೂರುವ ಜಾಗಕ್ಕೆ ಬಂದು ಕೂತ. ಅವನು ಅವರ ಪೈಕಿಯೂ ಅಲ್ಲ, ಬಾಗಿಲು ತೆರೆದಿದೆ ಎಂದು ಬರುವವನು. ಮೇಕೆಯೂ ಬಂತು. ಅದಕ್ಕೊಂದು ಉಪಾಯ ಮಾಡಿಕೊಡುತ್ತೇನೆ, ಮಂಡಿ ಎತ್ತರಕ್ಕೆ ಒಂದು ಅಡ್ಡ ಹಲಗೆ ಹೊಡೆದರೆ ಮನುಷ್ಯರು ದಾಟುತ್ತಾರೆ, ದನಕರು ನಿಲ್ಲುತ್ತವೆ ಎಂದೆ. ಮೇಕೆ ಹಾರುವ ಪ್ರಾಣಿ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಹಲಗೆ ಅಳೆಯುತ್ತಿದ್ದಾಗ ಕರುಣಮ್ಮ ಪಕ್ಕಕ್ಕೆ ಬಂದು ನಿಂತಳು. ನನ್ನ ಮನೆಯ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ವಿಚಾರಿಸಿದಳು. ಒಂಬತ್ತು ವರ್ಷದಿಂದ ಕಲ್ಲಿನ ಹಾಗೆ ಮುಚ್ಚುತ್ತದೆ ಎಂದು ಜಂಬದಿಂದ ಹೇಳಿದೆ.

"ಚಲೋ ಆತು," ಎಂದಳು. "ಯಾರು ಹೊರಗ ಉಳದಾರ?"

ಬೇಕೆಂದೇ ಚುಚ್ಚಿದಳೋ, ಸುಮ್ಮನೆ ಕೇಳಿದಳೋ ಗೊತ್ತಿಲ್ಲ. ಆ ದಿನ ಹಲಗೆಯನ್ನು ಎರಡು ಸಲ ತಪ್ಪು ಅಳತೆಗೆ ಕೊಯ್ದೆ. ಕಮಲಾಕ್ಷಿಗೆ ಎಲ್ಲ ಹೇಳಿದೆ. ಅಕ್ಕನನ್ನು ಕರೆಯಿರಿ ಎಂದು ಒಂಬತ್ತು ವರ್ಷದಿಂದ ಹೇಳುತ್ತಿದ್ದೇನೆ, ಆಗ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಿರೇನು ಎಂದು ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು.

ಮರುದಿನ ಅಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಸೂರಿನ ಕೆಳಗೆ ಹೋಗದೆ ಬಿಸಿಲಿನಲ್ಲೇ ನಿಂತುಕೊಂಡೆ. ಭಾನುವಾರ ಊಟಕ್ಕೆ ಬಾ, ಅಪ್ಪನ ವಿಷಯ ಮಾತನಾಡೋಣ ಎಂದೆ. ಅವಳು ಹಪ್ಪಳ ತಿರುವಿಹಾಕುವುದನ್ನು ನಿಲ್ಲಿಸಲಿಲ್ಲ.

"ಬಾಗಲಾ ಮುಚ್ಚಸೋ ಮನಷ್ಯಾ ನೀ," ಎಂದಳು. "ನನ್ನ ಬಾಯಿನೂ ಮುಚ್ಚಸಾಕ ಕರೀತೀಯೇನು?"

"ಇಲ್ಲವ್ವಾ. ತಗದ ಇರ್ಲಿ. ನೀ ಪೂರಾ ಹೇಳು, ನಾ ನಡುವ ಬಾಯಿ ಹಾಕೂದಿಲ್ಲ."

ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಆದರೆ ಭಾನುವಾರ ಬಂದಳು. ಒಂಬತ್ತು ವರ್ಷದ ಮೇಲೆ ಹೊಸ್ತಿಲು ದಾಟಿದವಳು ಮೊದಲು ಮೂಲೆಯಲ್ಲಿದ್ದ ಜೇಡರಬಲೆಯನ್ನು ನೋಡಿ ಕಮಲಾಕ್ಷಿಗೆ ಎರಡು ಮಾತು ಅಂದಳು. ಆಮೇಲೆ ಅಪ್ಪ ಮಲಗಿದ್ದ ಗೋಡೆಯ ಪಕ್ಕ ಕೂತಳು. ನಾನು ನನ್ನದನ್ನು ಹೇಳಿದೆ: ಏನೂ ಮುಟ್ಟಲಿಲ್ಲ, ಉಳಿ ಕೇಳಿದ, ಅಲಗು ಕಾಯ್ದುಕೋ ಎಂದ. ಅವಳು ತನ್ನದನ್ನು ಶುರುಮಾಡಿದಳು. ಗಂಜಿ ಎಂಬ ಮಾತು ಬಂದದ್ದೇ ತಡ, ಬಾಗಿಲು ಕಿರ್ರೆಂದು ಸರಿದು ಗೇಣಿಗೆ ನಿಂತಿತು. ಅಭ್ಯಾಸಬಲ ನೋಡಿ, ಅಪ್ಪ ಗಂಜಿ ಮುಟ್ಟಲಿಲ್ಲ ಎನ್ನಲು ನನ್ನ ಬಾಯಿ ತೆರೆದೇಬಿಟ್ಟಿತ್ತು. ಕಮಲಾಕ್ಷಿ ಅದರೊಳಗೆ ಒಂದು ಹಪ್ಪಳ ತುರುಕಿದಳು.

ಅಕ್ಕ ಗೋಡೆ ನೋಡುತ್ತ ಹೇಳುತ್ತಾ ಹೋದಳು. "ಎರಡು ಚಮಚ ಕುಡದ. ಮೂರನೇದು ಬ್ಯಾಡ ಅಂದ. ನನ್ನ ಕೈ ಸರಸಿ, 'ಮೌನ್ಯಾ ಉಂಡನೇನು?' ಅಂತ ಕೇಳಿದ. ಉಂಡಾನ ಅಂದೆ. ಅಷ್ಟ ಕೇಳಿ ಕಣ್ಣು ಮುಚ್ಚಿದ."

ಹಪ್ಪಳ ಬಾಯಲ್ಲೇ ಉಳಿಯಿತು. ಈ ಮಾತನ್ನು ಒಂಬತ್ತು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಹೇಗೆ ಕೇಳಲಿ? ಗಂಜಿಯ ಹತ್ತಿರವೇ ಅವಳನ್ನು ತಡೆಯುತ್ತಿದ್ದವನು ನಾನು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಯಾವಾಗ ಬಿಟ್ಟೆ ಎಂದಳು. ಇಷ್ಟು ವರ್ಷ ಅಪ್ಪ ಕೊನೆಗೆ ನೆನೆಸಿದ್ದು ಕಸುಬನ್ನು ಎಂದು ತಿಳಿದು ಉಳಿಯನ್ನು ಮಸೆಯುತ್ತಾ ಬಂದಿದ್ದೆ, ಅವನು ನೆನೆಸಿದ್ದು ನನ್ನ ಹೊಟ್ಟೆಯನ್ನು. ಅಕ್ಕನ ಮಡಿಲಿನಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ನಲವತ್ತು ದಾಟಿದ ಗಂಡಸು, ತೆರೆದ ಬಾಗಿಲು, ಬೀದಿಯಲ್ಲಿ ಜನ. ಇರಲಿ ಬಿಡಿ, ನೋಡಿದವರು ನೋಡಿಕೊಳ್ಳಲಿ.

ಈಗಲೂ ಹೇಳುತ್ತೇನೆ, ಆ ದಿನ ನಾನು ಅಪ್ಪನ ಪಕ್ಕದಿಂದ ಕದಲಲಿಲ್ಲ. ಅವನು ಹೋದದ್ದು ಉಳಿ ಹಿಡಿದುಕೊಂಡೇ. ಹಾಗಾದರೆ ಅಕ್ಕ ಕೇಳಿದ ಮಾತು ನನ್ನ ಕಿವಿಗೆ ಯಾಕೆ ಬೀಳಲಿಲ್ಲ ಎಂದರೆ ನನಗೆ ಗೊತ್ತಿಲ್ಲ. ಅಪ್ಪನ ಬರಿಗೈಯನ್ನು ಮಡಿಸಿ ಎದೆಯ ಮೇಲೆ ಇಟ್ಟವಳು ತಾನು ಎಂದು ಅಕ್ಕನೂ ಬಿಟ್ಟುಕೊಟ್ಟಿಲ್ಲ. ಜೋಡಿಸಿ ಒಂದು ಮಾಡುವ ಕಸುಬು ನನ್ನದೇ, ಮನಸ್ಸು ಮಾಡಿದ್ದರೆ ಇದನ್ನೂ ಮಾಡಬಹುದಿತ್ತು. ಮಾಡಲಿಲ್ಲ. ಎಲ್ಲಿ ಹೆರೆದರೂ ಅಪ್ಪನದೇ ಚೂರು ಉದುರುತ್ತಿತ್ತು.

ಕಮಲಾಕ್ಷಿ ಎಲೆ ಹಾಕಿದಳು. ಅನ್ನದ ಮೇಲೆ ಸಾರು ಬೀಳುವುದರೊಳಗೆ ಎದುರುಮನೆಯ ಗೌರಕ್ಕ ಬಾಗಿಲ ಸಂದಿನಲ್ಲಿ ಮೂಗು ತೂರಿಸಿದಳು. ಊರಿನ ಬಾಗಿಲು ಮುಚ್ಚಿಸುವವನ ಮನೆಯೇ ತೆರೆದಿರುವುದನ್ನು ಕಂಡು ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಏನ್ ಮೌನೇಶಪ್ಪಾ, ಬಾಗಲಾ ತಗದೈತಲ್ಲ?" ಎಂದಳು.

"ಹೌದವ್ವಾ," ಎಂದೆ. "ಅಕ್ಕ ಬಂದಾಳ. ಉಣ್ಣಾಕ ಹತ್ತೇವಿ, ಒಳಗ ಬಾ."